ಜೀರ್ಣೋದ್ಧಾರವಾದ ಕಾರನ್ನು ಮಾರುವವನ ಮಾತು

ಜೀರ್ಣೋದ್ಧಾರ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಓದುಗರ ಕಣ್ಣೆದುರು ನಿಲ್ಲುವುದು ಮಳೆಗಾಲದಲ್ಲಿ ಸೋರುವ ಹಂಚಿನ ಇಗರ್ಜಿ, ಗೆದ್ದಲು ತಿಂದ ಮರದ ಬಲಿಪೀಠ, ಹೆಚ್ಚೆಂದರೆ ಅಜ್ಜನ ಕಾಲದ ಚಾವಡಿ ಮನೆ. ಅಮೆರಿಕದಲ್ಲಿ ಇಷ್ಟೇ ಶ್ರದ್ಧೆಯಿಂದ ಜೀರ್ಣೋದ್ಧಾರಗೊಳ್ಳುವ ಇನ್ನೊಂದು ವಸ್ತುವಿದೆ. ಅದು 1960ರ ದಶಕದ ನಡುವಿನಿಂದ 1970ರ ದಶಕದ ಮೊದಲ ವರ್ಷಗಳವರೆಗೆ ಅಲ್ಲಿನ ಕಾರ್ಖಾನೆಗಳಿಂದ ಹೊರಬಂದ 'ಮಸಲ್ ಕಾರು'. ತೋಳ್ಬಲವನ್ನು ಹೆಸರಿನಲ್ಲಿಯೇ ಹೊತ್ತ ವಾಹನ. ಇಂತಹ ಕಾರೊಂದನ್ನು ವರ್ಷಗಟ್ಟಲೆ ಬಿಚ್ಚಿ, ಜೋಡಿಸಿ, ಹೊಸದರಂತೆ ಮಾಡಿದವನು ಅದನ್ನು ಮಾರಲು ಹೊರಟಾಗ ನಿಜವಾಗಿ ಏನನ್ನು ಮಾರುತ್ತಾನೆ, ಕೊಳ್ಳುವವನಿಗೆ ಏನನ್ನು ಹೇಳಬೇಕಾಗುತ್ತದೆ ಎಂಬುದು ಈ ವಾರ ನಾವು ಎತ್ತಿಕೊಂಡಿರುವ ವಿಷಯ. ಕಾರುಗಳಲ್ಲಿ ಆಸಕ್ತಿಯಿಲ್ಲದ ಓದುಗರೂ ಸ್ವಲ್ಪ ತಾಳ್ಮೆ ವಹಿಸಬೇಕೆಂದು ಕೋರುತ್ತೇವೆ. ಚಿನ್ನವನ್ನೋ ಜಮೀನನ್ನೋ ಹಸುವನ್ನೋ ಒಮ್ಮೆಯಾದರೂ ಮಾರಿದವರಿಗೆ ಇದು ತೀರಾ ಅಪರಿಚಿತವಾದ ವಿಷಯವೇನಲ್ಲ.

ಈ ಕಾರುಗಳ ವಂಶಾವಳಿಯನ್ನು ಸಾಮಾನ್ಯವಾಗಿ 1964ರ ಪೋಂಟಿಯಾಕ್ ಜಿ.ಟಿ.ಓ. ಮಾದರಿಯಿಂದ ಎಣಿಸುತ್ತಾರೆ. ಅದು ಹುಟ್ಟಿದ ಬಗೆಯೇ ಒಂದು ಕಥೆ. ಮಧ್ಯಮ ಗಾತ್ರದ ಕಾರಿನಲ್ಲಿ 330 ಘನ ಇಂಚಿಗಿಂತ ದೊಡ್ಡ ಇಂಜಿನ್ ಕೂರಿಸಕೂಡದೆಂದು ಮಾತೃಸಂಸ್ಥೆಯಾದ ಜನರಲ್ ಮೋಟರ್ಸ್ ಕಟ್ಟುನಿಟ್ಟಾಗಿ ಹೇಳಿತ್ತು. ಆಗ ಪೋಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರಾಗಿದ್ದ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು ಈ ನಿಯಮವನ್ನು ಮುರಿಯದೆ ಬಳಸಿಕೊಂಡು ಹೋದರು. ಹೊಸ ಕಾರೆಂದು ಹೇಳಿದರೆ ತಾನೇ ಅಡ್ಡಿ? 'ಟೆಂಪೆಸ್ಟ್ ಲೆಮಾನ್ಸ್' ಎಂಬ ಇದ್ದ ಕಾರಿಗೇ ಸುಮಾರು 300 ಡಾಲರು ಹೆಚ್ಚು ತೆತ್ತವರಿಗೆ ದೊರೆಯುವ ಐಚ್ಛಿಕ ಸಲಕರಣೆಗಳ ಪಟ್ಟಿಯೊಳಗೆ 389 ಘನ ಇಂಚಿನ, ಎಂದರೆ ಸುಮಾರು 6.4 ಲೀಟರಿನ ವಿ-8 ಇಂಜಿನನ್ನು ಸೇರಿಸಿಬಿಟ್ಟರು. ಅದೇ ಕಾಲದ ನಮ್ಮ ಅಂಬಾಸಿಡರ್ ಕಾರಿನ ಇಂಜಿನ್ ಒಂದೂವರೆ ಲೀಟರಿನದು ಎಂದರೆ ಓದುಗರಿಗೆ ಅಂದಾಜು ಸಿಕ್ಕೀತು. ಮೊದಲ ವರ್ಷವೇ 32,450 ಜಿ.ಟಿ.ಓ.ಗಳು ಮಾರಾಟವಾದವು. ಉಳಿದ ಕಂಪನಿಗಳು ಸುಮ್ಮನಿರಲಿಲ್ಲ. ಡಾಜ್ ಮತ್ತು ಪ್ಲಿಮತ್ ಕಾರುಗಳಿಗೆ 426 ಘನ ಇಂಚಿನ 'ಹೆಮಿ' ಇಂಜಿನ್ ಬಂತು; 1970ರ ಷೆವರ್ಲೆ ಷೆವೆಲ್ ಕಾರಿನ ಎಲ್.ಎಸ್.6 ಇಂಜಿನಿಗೆ 450 ಅಶ್ವಶಕ್ತಿಯೆಂದು ಕಂಪನಿಯೇ ಸಾರಿತು.

ಈ ವೈಭವ ಹೆಚ್ಚು ಕಾಲ ನಡೆಯಲಿಲ್ಲ. ವಿಮಾ ಕಂಪನಿಗಳು ಕಂತನ್ನು ಏರಿಸಿದವು, 1970ರಲ್ಲಿ ಹೊಗೆಯ ಮೇಲೆ ಕಾನೂನು ಬಂತು, 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲದ ನಲ್ಲಿ ತಿರುಗಿಸಿದವು. ಪೆಟ್ರೋಲ್ ಕುಡಿಯುವ ಈ ಕಾರುಗಳು ಅಗ್ಗದ ಹಳೆಯ ಸಾಮಾನಾಗಿ ಹೋದವು. ಹದಿಹರೆಯದವರು ಕೊಂಡು ಗುದ್ದಿದರು, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅವುಗಳ ಹೊಟ್ಟೆಯನ್ನು ತಿಂದಿತು, ಬಹಳಷ್ಟು ಗುಜರಿ ಸೇರಿದವು. ಉಳಿದವು ವಿರಳವಾದದ್ದರಿಂದಲೇ ಅವುಗಳಿಗೆ ಬೆಲೆ ಬಂತು. 1971ರಲ್ಲಿ ಕೇವಲ 11 ಮಾತ್ರ ತಯಾರಾದ, ಮಡಚುವ ಛಾವಣಿಯ ಪ್ಲಿಮತ್ 'ಹೆಮಿ ಕುಡಾ' ಕಾರುಗಳಲ್ಲೊಂದು 2014ರಲ್ಲಿ ಸಿಯಾಟಲ್ ನಗರದ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು.

ಜೀರ್ಣೋದ್ಧಾರದ ಕೆಲಸ ಹೇಗೆ ನಡೆಯುತ್ತದೆಂಬುದನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಮಾರಾಟದ ಸಮಸ್ಯೆ ಹುಟ್ಟುವುದೇ ಅಲ್ಲಿ. ಮೊದಲು ಕಾರನ್ನು ಪೂರ್ತಿಯಾಗಿ ಬಿಚ್ಚುತ್ತಾರೆ. ಪ್ರತಿ ಬೋಲ್ಟನ್ನೂ ಚೀಲಕ್ಕೆ ಹಾಕಿ ಚೀಟಿ ಅಂಟಿಸುತ್ತಾರೆ, ಬಿಚ್ಚುವ ಮುನ್ನ ಭಾವಚಿತ್ರ ತೆಗೆಯುತ್ತಾರೆ. ಬಣ್ಣವನ್ನು ಕೆರೆದು ತಗಡನ್ನು ಬತ್ತಲಾಗಿಸಿದಾಗ ನಿಜ ಸ್ಥಿತಿ ಹೊರಬೀಳುತ್ತದೆ: ನೆಲಹಾಸಿನ ತಗಡು, ಡಿಕ್ಕಿಯ ತಳ, ಹಿಂಬದಿಯ ಚಕ್ರದ ಸುತ್ತಲಿನ ಕಮಾನು, ಗಾಳಿಗಾಜಿನ ಕೆಳಗಿನ ಗುಪ್ತ ಮೂಲೆ, ಇಲ್ಲೆಲ್ಲ ತುಕ್ಕು. ಕೊಳೆತದ್ದನ್ನು ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯುತ್ತಾರೆ. ಈ ತಗಡುಗಳನ್ನೂ ಸೀಟಿನ ಹೊದಿಕೆಗಳನ್ನೂ ರಬ್ಬರ್ ಪಟ್ಟಿಗಳನ್ನೂ ಹಳೆಯ ಅಳತೆಗೆ ಸರಿಯಾಗಿ ಮಾಡಿಕೊಡುವ ಉದ್ಯಮವೇ ಅಲ್ಲಿ ಬೆಳೆದಿದೆ. ಅವಸರದವನು ತುಕ್ಕಿನ ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದುಬಿಡುತ್ತಾನೆ. ಅಂತಹದನ್ನು ಕಂಡುಹಿಡಿಯಲು ಒಂದು ಪುಟ್ಟ ಅಯಸ್ಕಾಂತ ಸಾಕು. ಪುಟ್ಟಿ ದಪ್ಪವಾಗಿರುವಲ್ಲಿ ಅದು ಅಂಟಿಕೊಳ್ಳುವುದಿಲ್ಲ.

ಶ್ರದ್ಧೆಯುಳ್ಳವನಾದರೋ ಇಲ್ಲಿಗೆ ನಿಲ್ಲುವುದಿಲ್ಲ. ಇಂಜಿನಿನ ಎರಕದ ಮೇಲಿನ ದಿನಾಂಕದ ಗುರುತು ಕಾರು ತಯಾರಾದ ದಿನಾಂಕಕ್ಕಿಂತ ತುಸು ಹಿಂದಿನದಾಗಿರಬೇಕು. ಕಾರ್ಬ್ಯುರೇಟರಿನ ಮೇಲಿನ ಸಂಖ್ಯೆ ಆ ಮಾದರಿಗೆ ಹೊಂದಬೇಕು. ಅಂದಿನ ಕಾರ್ಖಾನೆಯಲ್ಲಿ ಪರಿಶೀಲಕರು ಸೀಮೆಸುಣ್ಣದಿಂದಲೋ ಬಣ್ಣದಿಂದಲೋ ಗೀಚಿದ ಗುರುತುಗಳನ್ನು ಕೂಡ ಆತ ಮರಳಿ ಬರೆಯುತ್ತಾನೆ. ಒಂದು ವಿಚಿತ್ರವನ್ನು ಗಮನಿಸಿ. 1969ರ ಕಾರ್ಖಾನೆ ಅಷ್ಟೇನೂ ಅಚ್ಚುಕಟ್ಟಾಗಿರಲಿಲ್ಲ. ಬಾಗಿಲಿನ ಸಂದು ಒಂದೆಡೆ ಅಗಲ, ಇನ್ನೊಂದೆಡೆ ಕಿರಿದು; ಬಣ್ಣದ ಮೈ ಕಿತ್ತಳೆಯ ಸಿಪ್ಪೆಯಂತೆ ತರಿತರಿ; ತಳದಲ್ಲಿ ಬಣ್ಣ ತೊಟ್ಟಿಕ್ಕಿದ ಕಲೆ. ಇಂದಿನ ಬಣ್ಣಗಾರ ಕನ್ನಡಿಯಂತೆ ಹೊಳಪು ಕೊಟ್ಟರೆ ಕಾರು ಹುಟ್ಟಿದ ದಿನಕ್ಕಿಂತ ಸುಂದರವಾಗುತ್ತದೆ, ಮತ್ತು ತಜ್ಞರು ಅದನ್ನೇ ಒಂದು ದೋಷವೆಂದು ಎಣಿಸುತ್ತಾರೆ. ಹೀಗಾಗಿ ಅತ್ಯಂತ ಎಚ್ಚರದ ಜೀರ್ಣೋದ್ಧಾರಕನು ಹಳೆಯ ಕಾರ್ಮಿಕರ ಅಜಾಗರೂಕತೆಯನ್ನು ಕೂಡ ಜಾಗರೂಕತೆಯಿಂದ ನಕಲು ಮಾಡುತ್ತಾನೆ! ನಗು ಬರಿಸುವ ಸಂಗತಿಯಾದರೂ ಇದರಲ್ಲಿ ಒಂದು ಬಗೆಯ ವಿನಯವಿದೆ ಎಂದು ನಮಗೆ ತೋರುತ್ತದೆ.

ಈಗ ಸಮಸ್ಯೆಗೆ ಬರೋಣ. ಕೆಟ್ಟ ಜೀರ್ಣೋದ್ಧಾರವನ್ನು ಕೊಳ್ಳುವವನು ತಾನೇ ಪತ್ತೆ ಮಾಡಬಲ್ಲ; ಅಯಸ್ಕಾಂತ ಹೇಳಿಬಿಡುತ್ತದೆ. ಒಳ್ಳೆಯ ಜೀರ್ಣೋದ್ಧಾರವಾದರೆ? ಬೆಸುಗೆಯನ್ನು ಉಜ್ಜಿ ಸಮ ಮಾಡಲಾಗಿದೆ, ಹೊಸ ತಗಡು ಹಳೆಯದರಲ್ಲಿ ಕರಗಿಹೋಗಿದೆ, ಬದಲಿ ಇಂಜಿನಿನ ಮೇಲೆ ಸರಿಯಾದ ಕಾಲದ ದಿನಾಂಕವಿದೆ. ಕೆಲಸ ಎಷ್ಟು ಚೆನ್ನಾಗಿದೆಯೋ ಅಷ್ಟರ ಮಟ್ಟಿಗೆ ಸಾಕ್ಷ್ಯ ಅಳಿಸಿಹೋಗಿದೆ. ಹಾಗಾದಾಗ ಉಳಿಯುವುದು ಮಾರುವವನ ಮಾತೊಂದೇ. ಕೈಚಳಕ ಹೆಚ್ಚಿದಷ್ಟೂ ಹೇಳಬೇಕಾದ ಹೊಣೆ ಹೆಚ್ಚುತ್ತದೆ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಈ ವ್ಯಾಪಾರದಲ್ಲಿರುವವರು ಸಾಮಾನ್ಯವಾಗಿ ತಿರುಗಿಸಿ ಯೋಚಿಸುತ್ತಾರೆ, 'ಕಾಣದಂತೆ ಮಾಡಿದ್ದೇವೆ, ಇನ್ನೇಕೆ ಹೇಳಬೇಕು' ಎಂದು.

ಈ ಮಾತಿಗೆ ಹಣದ ಬೆಲೆ ಎಷ್ಟೆಂಬುದನ್ನು ಅರಿಯಲು ಸಂಖ್ಯೆಗಳ ವಿಚಾರ ತಿಳಿಯಬೇಕು. ಸುಮಾರು 1968ರ ಮಾದರಿಗಳಿಂದೀಚೆಗೆ ಕಾರಿನ ಗುರುತಿನ ಸಂಖ್ಯೆಯ ಒಂದು ಭಾಗವನ್ನು ಇಂಜಿನಿನ ಮೇಲೂ ಒತ್ತುವ ಪದ್ಧತಿ ಬಂತು. ಕಳ್ಳತನ ತಡೆಯುವುದು ಉದ್ದೇಶ. ಇವೆರಡೂ ಹೊಂದಿದರೆ 'ನಂಬರ್ಸ್ ಮ್ಯಾಚಿಂಗ್' ಎನ್ನುತ್ತಾರೆ, ಎಂದರೆ ಹುಟ್ಟಿನಿಂದ ಬಂದ ಇಂಜಿನ್ ಇನ್ನೂ ಎದೆಯಲ್ಲಿದೆ ಎಂದು. ಈ ಎರಡು ಪದಗಳು ಜಾಹೀರಾತಿನಲ್ಲಿದ್ದರೆ ಬೆಲೆ ಬಹಳ ಏರುತ್ತದೆ. ಆದ್ದರಿಂದಲೇ ಬೇರೆ ಇಂಜಿನಿನ ಹಳೆಯ ಸಂಖ್ಯೆಯನ್ನು ತರಿದು ಹೊಸ ಸಂಖ್ಯೆ ಒತ್ತುವ ಮೋಸವೂ ಹುಟ್ಟಿತು. ಷೆವರ್ಲೆ ಇಂಜಿನಿನ ಸಂಖ್ಯೆ ಒತ್ತುವ ಜಾಗದಲ್ಲಿ ಕಾರ್ಖಾನೆಯ ಯಂತ್ರ ಬಿಟ್ಟ ಸೂಕ್ಷ್ಮ ಗೆರೆಗಳಿರುತ್ತವೆ. ಆ ಗೆರೆಗಳು ಮಾಯವಾಗಿದ್ದರೆ ತಜ್ಞರು ಹುಬ್ಬೇರಿಸುತ್ತಾರೆ. ಕಸುಬು ಬಲ್ಲ ಮೋಸಗಾರ ಆ ಗೆರೆಗಳನ್ನೂ ಕೆತ್ತಬಲ್ಲ.

ಇನ್ನೂ ಸರಳವಾದ ಮೋಸವೆಂದರೆ ಸಾಧಾರಣ ಕಾರಿಗೆ ಕುಲೀನ ಹೆಸರು ಅಂಟಿಸುವುದು. ಜಿ.ಟಿ.ಓ. ಎಂಬುದು 1964 ಮತ್ತು 1965ರಲ್ಲಿ ಐಚ್ಛಿಕ ಸಲಕರಣೆಯಾಗಿತ್ತಷ್ಟೆ ಎಂದು ಹೇಳಿದೆವಲ್ಲವೇ? ಆ ಜಾಣತನದ ಫಲವಾಗಿ ಆ ಎರಡು ವರ್ಷಗಳ ಜಿ.ಟಿ.ಓ.ದ ಗುರುತಿನ ಸಂಖ್ಯೆಯೂ ಸಾಮಾನ್ಯ ಲೆಮಾನ್ಸ್ ಕಾರಿನ ಸಂಖ್ಯೆಯೂ ಒಂದೇ ಬಗೆಯವು. 1966ರಿಂದ ಅದು ಪ್ರತ್ಯೇಕ ಮಾದರಿಯಾಗಿ 242 ಎಂಬ ಆರಂಭದ ಅಂಕಿಗಳನ್ನು ಪಡೆಯಿತು. ಪೋಂಟಿಯಾಕ್ ಕಾರುಗಳ ಹಳೆಯ ಕಾರ್ಖಾನೆ ದಾಖಲೆಗಳು ಉಳಿದಿರುವುದರಿಂದ ಶುಲ್ಕ ತೆತ್ತು ಪ್ರತಿ ತರಿಸಬಹುದು. 1967ರಿಂದೀಚಿನ ಫೋರ್ಡ್ ಕಾರುಗಳಿಗೂ ಇಂತಹ ಅನುಕೂಲವಿದೆ. ಆದರೆ 1970ರ ಷೆವೆಲ್ ಕಾರು ನಿಜವಾದ ಎಸ್.ಎಸ್. ಹೌದೇ ಅಲ್ಲವೇ ಎಂದು ಅದರ ಗುರುತಿನ ಸಂಖ್ಯೆ ಹೇಳುವುದಿಲ್ಲ. ಸೀಟಿನ ಕೆಳಗೆ ಸಿಕ್ಕಿಕೊಂಡಿದ್ದ ಕಾರ್ಖಾನೆಯ ಹಾಳೆಯೋ, ಮೊದಲ ಮಾಲೀಕ ಜೋಪಾನ ಮಾಡಿದ ರಸೀದಿಯೋ ಸಿಕ್ಕರೆ ಪುಣ್ಯ.

ತತ್ವಶಾಸ್ತ್ರದ ತರಗತಿಯಲ್ಲಿ ಕುಳಿತಿದ್ದವರಿಗೆ ಇಲ್ಲಿ ಗ್ರೀಕ್ ವೀರ ಥೀಸಿಯಸನ ಹಡಗು ನೆನಪಾಗದಿರದು. ಅಥೆನ್ಸಿನ ಜನರು ಆ ಹಡಗನ್ನು ಉಳಿಸಿಕೊಂಡು, ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಬಂದರೆಂದೂ, ಅದು ಅದೇ ಹಡಗೇ ಅಲ್ಲವೇ ಎಂದು ತಾರ್ಕಿಕರು ಜಗಳವಾಡಿದರೆಂದೂ ಪ್ಲೂಟಾರ್ಕ್ ಬರೆದಿದ್ದಾನೆ. 1655ರಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಇದಕ್ಕೊಂದು ಗಂಟು ಸೇರಿಸಿದ: ತೆಗೆದುಹಾಕಿದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಅದೇ ಕ್ರಮದಲ್ಲಿ ಜೋಡಿಸಿದರೆ, ಎರಡರಲ್ಲಿ ಯಾವುದು ಥೀಸಿಯಸನ ಹಡಗು? ಗುರುಮಠದ ಹುಡುಗರು ಇದನ್ನು ಬುದ್ಧಿಯ ಕಸರತ್ತೆಂದು ಬಗೆಯುತ್ತಾರೆ. ಅಮೆರಿಕದ ಗ್ಯಾರೇಜುಗಳಲ್ಲಿ ಇದು ದಿನನಿತ್ಯದ ವ್ಯವಹಾರ. ತುಕ್ಕಿನಲ್ಲಿ ಮುಗಿದುಹೋದ ಬೆಲೆಯುಳ್ಳ ಕಾರಿನ ಸಂಖ್ಯಾಫಲಕವನ್ನು ಕಿತ್ತು, ಗಟ್ಟಿಯಾದ ಅಗ್ಗದ ಕಾರಿನ ಮೈಗೆ ಬಡಿಯುವುದುಂಟು. ಇದು ಅದೇ ಕಾರಿನ ಜೀರ್ಣೋದ್ಧಾರವೆಂದು ವಾದಿಸುವವರೂ ಇದ್ದಾರೆ. ಮೋಸದ ಉದ್ದೇಶದಿಂದ ಗುರುತಿನ ಸಂಖ್ಯೆಯನ್ನು ಕೀಳುವುದು, ಬದಲಿಸುವುದು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಯಾವ ಹಂತದಲ್ಲಿ ಕಾರು ಬೇರೆಯದಾಗುತ್ತದೆ ಎಂಬುದನ್ನು ದಾರ್ಶನಿಕರು ಇನ್ನೂ ಇತ್ಯರ್ಥ ಮಾಡಿಲ್ಲ, ಮಾಡುವ ಸೂಚನೆಯೂ ಇಲ್ಲ. ಆದರೆ ಮಾರುವವನಿಗೆ ಇತ್ಯರ್ಥವಾಗುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ಯಾವ ಹಲಗೆ ಹಳೆಯದು, ಯಾವುದು ಹೊಸದು ಎಂಬುದು ಅವನಿಗೆ ಗೊತ್ತು. ಅಷ್ಟನ್ನು ಹೇಳಿದರೆ ಸಾಕು. ಅದು ಅದೇ ಹಡಗು ಹೌದೇ ಎಂದು ಕೊಳ್ಳುವವನು ತೀರ್ಮಾನಿಸಿಕೊಳ್ಳಲಿ.

ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ಇದೇ ಪ್ರಶ್ನೆಯನ್ನು ಕುದುರೆಯ ನೆಪದಲ್ಲಿ ಎತ್ತಿದ್ದರು. ತಮ್ಮ 'ಸುಮ್ಮಾ' ಗ್ರಂಥದಲ್ಲಿ ಮಾರಾಟದ ಮೋಸಕ್ಕೆಂದೇ ಒಂದು ಪ್ರಶ್ನೆಯನ್ನು ಮೀಸಲಿಟ್ಟು, ದೋಷವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಕುದುರೆಗೆ ಒಂದೇ ಕಣ್ಣು. ಅದು ಯಾರಿಗೂ ಕಾಣುತ್ತದೆ. ಬೆಲೆಯನ್ನು ತಕ್ಕಷ್ಟು ಇಳಿಸಿದ್ದರೆ ಮಾರುವವನು ಅದನ್ನು ಕೂಗಿ ಹೇಳಬೇಕಾಗಿಲ್ಲ. ಆದರೆ ಕುಂಟುವ ಕುದುರೆಯನ್ನು ವೇಗದ ಕುದುರೆಯೆಂದೂ, ಬೀಳಲಿರುವ ಮನೆಯನ್ನು ಗಟ್ಟಿ ಮನೆಯೆಂದೂ ದಾಟಿಸಿದರೆ, ದೋಷ ಅಡಗಿರುವುದರಿಂದ ಅದು ಅನ್ಯಾಯ. ಹರಿದ ಸೀಟು, ಬಿರುಕುಬಿಟ್ಟ ಗಾಜು ಒಕ್ಕಣ್ಣಿನ ಕುದುರೆಯ ಜಾತಿಗೆ ಸೇರಿದವು. ನುಣ್ಣನೆಯ ಬಣ್ಣದಡಿಯ ತೇಪೆ, ಬದಲಾದ ಇಂಜಿನ್ ಬೀಳಲಿರುವ ಮನೆಯ ಜಾತಿಗೆ. 'ಇದ್ದ ಹಾಗೆ ಮಾರಾಟ' ಎಂಬ ಒಕ್ಕಣೆಯ ಹಿಂದೆ ಅಲ್ಲಿನ ಮಾರಾಟಗಾರರು ಅಡಗುತ್ತಾರೆ. ಕಾನೂನು ಆ ಒಕ್ಕಣೆಗೆ ಒಂದಿಷ್ಟು ಬೆಲೆ ಕೊಡುತ್ತದೆ ನಿಜ, ಆದರೆ ಗೊತ್ತಿದ್ದೂ ಹೇಳಿದ ಸುಳ್ಳಿಗೆ ಅದು ಕೊಡೆಯಾಗುವುದಿಲ್ಲ.

ಬೆಲೆಯ ವಿಷಯದಲ್ಲಿಯೂ ಸಂತರ ಮಾತು ಸೂಕ್ಷ್ಮವಾಗಿದೆ. ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ವಿಶೇಷ ನಷ್ಟವಾಗುವುದಾದರೆ ಆ ನಷ್ಟವನ್ನು ಬೆಲೆಗೆ ಸೇರಿಸಬಹುದು. ಕೊಳ್ಳುವವನಿಗೆ ಅದರ ಅಗತ್ಯ ಬಹಳವಿದೆ ಎಂಬ ಒಂದೇ ಕಾರಣಕ್ಕೆ ಸೇರಿಸಬಾರದು, ಏಕೆಂದರೆ ಅವನ ಅಗತ್ಯ ಇವನ ಸೊತ್ತಲ್ಲ. ತಂದೆಯ ಕಾರನ್ನು ಮಗನು ಕಷ್ಟದಿಂದ ಅಗಲುವುದಾದರೆ ಆ ಅಗಲಿಕೆಗೂ ಒಂದು ಬೆಲೆಯಿದೆ ಎಂದಾಯಿತು. ಮಾರುಕಟ್ಟೆ ಮಾತ್ರ ಇದನ್ನು ಕೇಳಿಸಿಕೊಳ್ಳುವುದಿಲ್ಲ. ಜೀರ್ಣೋದ್ಧಾರಕ್ಕೆ ಸುರಿದ ಹಣ ಪೂರ್ತಿಯಾಗಿ ಮರಳುವುದು ಅಪರೂಪವೆಂದು ಈ ಹವ್ಯಾಸದ ಹಿರಿಯರು ಕಿರಿಯರಿಗೆ ಮೊದಲೇ ಎಚ್ಚರಿಸುತ್ತಾರೆ. ರಾತ್ರಿಗಳನ್ನು ಗ್ಯಾರೇಜಿನಲ್ಲಿ ಕಳೆದ ಶ್ರಮಕ್ಕಂತೂ ಯಾರೂ ಕೂಲಿ ಕೊಡುವುದಿಲ್ಲ. 2008ರ ಆರ್ಥಿಕ ಕುಸಿತದ ಬಳಿಕ, ಏರಿದ ಬೆಲೆಯಲ್ಲಿ ಕೊಂಡಿದ್ದವರು ಬಹಳ ಇಳಿದ ಬೆಲೆಗೆ ಕೈಬಿಡಬೇಕಾಯಿತು. ಸುಳ್ಳಿನ ಆಸೆ ಬಲವಾಗುವುದು ಇಂತಹ ಹೊತ್ತಿನಲ್ಲಿಯೇ: ಹಾಕಿದ್ದು ಹೆಚ್ಚು, ಬರುವುದು ಕಡಿಮೆ, ನಡುವಿನ ಕಂದಕವನ್ನು ತುಂಬಲು ಎರಡೇ ಎರಡು ಪದ ಸಾಕು, 'ನಂಬರ್ಸ್ ಮ್ಯಾಚಿಂಗ್'.

ಇದಕ್ಕೆ ತದ್ವಿರುದ್ಧವಾದ ಒಂದು ಮಾರಾಟವನ್ನು ಇಲ್ಲಿ ಹೇಳಲೇಬೇಕು. 1968ರ 'ಬುಲ್ಲಿಟ್' ಚಲನಚಿತ್ರದಲ್ಲಿ ನಟ ಸ್ಟೀವ್ ಮ್ಯಾಕ್ವೀನ್ ಓಡಿಸಿದ ಕಡು ಹಸಿರಿನ ಫೋರ್ಡ್ ಮಸ್ಟಾಂಗ್ ಕಾರನ್ನು 1974ರಲ್ಲಿ ರಾಬರ್ಟ್ ಕಿಯರ್ನನ್ ಎಂಬುವರು ಪತ್ರಿಕೆಯ ಜಾಹೀರಾತು ನೋಡಿ 6,000 ಡಾಲರಿಗೆ ಕೊಂಡರು. ಶಿಕ್ಷಕಿಯಾಗಿದ್ದ ಅವರ ಪತ್ನಿ ಅದರಲ್ಲಿಯೇ ಶಾಲೆಗೆ ಹೋಗಿಬರುತ್ತಿದ್ದರು. 1977ರಲ್ಲಿ ಮ್ಯಾಕ್ವೀನ್ ತಾನೇ ಪತ್ರ ಬರೆದು ಕಾರನ್ನು ಮರಳಿ ಕೇಳಿದ, ಅವರು ಕೊಡಲಿಲ್ಲ. 1980ರಲ್ಲಿ ಕ್ಲಚ್ ಕೆಟ್ಟು ಕಾರು ಮೂಲೆ ಸೇರಿತು. 2014ರಲ್ಲಿ ತಂದೆ ತೀರಿಕೊಂಡ ಮೇಲೆ ಮಗ ಶಾನ್ ಕಿಯರ್ನನ್ ಅದನ್ನು ಓಡುವಷ್ಟರ ಮಟ್ಟಿಗೆ ಸರಿಪಡಿಸಿದರೇ ಹೊರತು ಹೊಸ ಬಣ್ಣ ಬಳಿಯಲಿಲ್ಲ. ಚಿತ್ರೀಕರಣಕ್ಕೆಂದು ಕ್ಯಾಮರಾ ಕೂರಿಸಲು ಕಾರಿನ ತಳಕ್ಕೆ ಬೆಸೆದಿದ್ದ ಕೊಳವೆಗಳು ಹಾಗೆಯೇ ಉಳಿದಿದ್ದವು. ಒಬ್ಬ ಅತಿ ಅಚ್ಚುಕಟ್ಟಿನ ಜೀರ್ಣೋದ್ಧಾರಕನ ಕೈಗೆ ಸಿಕ್ಕಿದ್ದರೆ ಅವುಗಳನ್ನು ಕುರೂಪವೆಂದು ಕತ್ತರಿಸಿ ಎಸೆದು, ಕಾರಿನ ಪರವಾಗಿ ಸಾಕ್ಷಿ ನುಡಿಯಬಲ್ಲ ವಸ್ತುವನ್ನೇ ನಾಶಮಾಡುತ್ತಿದ್ದ. 2020ರ ಜನವರಿ 10ರಂದು ಫ್ಲೋರಿಡಾದ ಕಿಸ್ಸಿಮ್ಮಿಯಲ್ಲಿ ಮೀಕಮ್ ಸಂಸ್ಥೆ ನಡೆಸಿದ ಹರಾಜಿನಲ್ಲಿ ಆ ಸವೆದ ಕಾರಿಗೆ ಕೂಗಿದ ಬೆಲೆ 34 ಲಕ್ಷ ಡಾಲರು. ಹರಾಜು ಶುಲ್ಕ ಸೇರಿ 37 ಲಕ್ಷ 40 ಸಾವಿರ.

ಎಲ್ಲ ಕಾರುಗಳಿಗೂ ಆ ಭಾಗ್ಯವಿಲ್ಲ. ತುಕ್ಕು ತಿಂದದ್ದನ್ನು ಕತ್ತರಿಸಲೇಬೇಕು. ಹಾಗೆ ಕತ್ತರಿಸಿದವನು ಮಾರುವಾಗ ಕೊಡಬೇಕಾದದ್ದು ಕೀಲಿಕೈ, ಒಡೆತನದ ಪತ್ರ ಇವುಗಳ ಜೊತೆಗೆ ಒಂದು ದಪ್ಪ ಕಡತ: ಬಿಚ್ಚಿದಾಗಿನ ಭಾವಚಿತ್ರಗಳು, ಹೊಸ ತಗಡಿನ ರಸೀದಿಗಳು, ಇಂಜಿನ್ ಬದಲಾಗಿದ್ದರೆ ಬದಲಾಗಿದೆ ಎಂಬ ಬರಹ. ಒಳ್ಳೆಯ ಮಾರಾಟಗಾರರು ತೂತುಬಿದ್ದ ನೆಲಹಾಸಿನ ಚಿತ್ರವನ್ನೇ ಮೊದಲು ತೋರಿಸುತ್ತಾರೆ. ಇದರಿಂದ ಬೆಲೆ ಇಳಿಯುತ್ತದೆಂಬ ಭಯ ಎಲ್ಲ ಸಂದರ್ಭದಲ್ಲೂ ನಿಜವಲ್ಲ, ಆದರೆ ಕೆಲವೊಮ್ಮೆ ನಿಜವೇ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಇಷ್ಟು ಹೊತ್ತು ಮಾರುವವನ ಮೇಲೆಯೇ ಹೊರೆ ಹಾಕಿದೆವು. ಮಾರುವವನಿಗೇ ತಿಳಿಯದಿದ್ದರೆ? ಕಾರನ್ನು ಪ್ರೀತಿಸಿದ ಗಂಡ ತೀರಿಹೋಗಿ, ಗ್ಯಾರೇಜಿನಲ್ಲಿ ಹೊದಿಕೆಯಡಿಯಿರುವ ಆ ವಾಹನವನ್ನು ವಿಧವೆಯೊಬ್ಬಳು ಮಾರಬೇಕಾಗಿ ಬರುತ್ತದೆ. ಈ ಕಾರುಗಳನ್ನು ತಾರುಣ್ಯದಲ್ಲಿ ಬಯಸಿದ ತಲೆಮಾರು ಮುಪ್ಪಾಗುತ್ತಿರುವುದರಿಂದ ಇಂತಹ ಮಾರಾಟಗಳು ಇನ್ನು ಹೆಚ್ಚಲಿವೆ. ತಿಳಿಯದೆ ದೋಷವುಳ್ಳದ್ದನ್ನು ಮಾರಿದವನಿಗೆ ಪಾಪವಿಲ್ಲ, ಆದರೆ ತಿಳಿದ ಮೇಲೆ ನಷ್ಟ ತುಂಬಿಕೊಡಬೇಕು ಎಂಬುದು ಸಂತ ತೋಮಸರ ತೀರ್ಪು. ಅದೇ ಲೇಖನಿಯಿಂದ ಅವರು ಕೊಳ್ಳುವವನ ಕಡೆಗೂ ತಿರುಗುತ್ತಾರೆ. ಚಿನ್ನವನ್ನು ತಾಮ್ರವೆಂದು ತಿಳಿದು ಮಾರುವವಳಿಂದ, ಅದು ಚಿನ್ನವೆಂದು ಬಲ್ಲವನು ತಾಮ್ರದ ಬೆಲೆಗೆ ಕೊಂಡರೆ ಅವನೂ ಅನ್ಯಾಯಗಾರನೇ, ಅವನೂ ಮರಳಿ ಕೊಡಬೇಕು. ಕೊಟ್ಟಿಗೆಯಲ್ಲಿ ಧೂಳು ಹಿಡಿದಿದ್ದ ಅಪೂರ್ವ ಕಾರನ್ನು ಮುದುಕಿಯೊಬ್ಬಳಿಂದ ಪುಡಿಗಾಸಿಗೆ ಹಾರಿಸಿಕೊಂಡು ಬಂದೆನೆಂದು ಮೀಸೆ ತಿರುವುವ ಕಥೆಗಳು ಈ ಹವ್ಯಾಸಿಗಳ ವಲಯದಲ್ಲಿ ಸಾಹಸಗಾಥೆಗಳಂತೆ ಓಡಾಡುತ್ತವೆ. ಹುಡ್ ಎತ್ತಿ ಇಂಜಿನಿನ ಮೇಲಿನ ಸಂಖ್ಯೆಯನ್ನು ಓದಿ, ಮುಖದಲ್ಲಿ ಏನನ್ನೂ ತೋರಗೊಡದೆ, 'ಹಳೆಯದಾಗಿಬಿಟ್ಟಿದೆ ಅಮ್ಮ' ಎಂದು ಹೇಳಿ ಹುಡ್ ಮುಚ್ಚುವವನನ್ನು ಯಾವ ಹರಾಜು ಕಟ್ಟೆಯೂ ಪ್ರಶ್ನಿಸುವುದಿಲ್ಲ. ಪ್ಲಿಮತ್ ಹೆಸರು 2001ರಲ್ಲಿ ನಿಂತಿತು, ಪೋಂಟಿಯಾಕ್ ಹೆಸರು 2010ರಲ್ಲಿ. ಆಕೆ ಯಾವ ಕಾರ್ಖಾನೆಯ ಬಾಗಿಲಿಗೆ ಹೋಗಿ ವಿಚಾರಿಸಬೇಕು? ಗಂಡಂದಿರು ಬದುಕಿರುವಾಗಲೇ ಒಂದು ಹಾಳೆಯಲ್ಲಿ ಇದು ಯಾವ ಕಾರು, ಇದರಲ್ಲಿ ಮೂಲದ್ದೇನು, ಬದಲಿಸಿದ್ದೇನು ಎಂದು ಬರೆದು ಮನೆಪತ್ರಗಳ ಜೊತೆಗಿಟ್ಟರೆ ಆಕೆಗೆ ಉಪಕಾರವಾದೀತು; ಒಂದು ಸಂಜೆಯ ಕೆಲಸ ಅದು.